ಮೊದಲ ಕಂತಿಗೂ ವಂತಿಗೆ ಎತ್ತೋಣ

ಜಾತ್ರೆ, ತೇರು ಬಂತೆಂದರೆ ಕೂಡ್ಲಿಗಿಯಿಂದ ಹಡಗಲಿವರೆಗೆ ಊರೂರಲ್ಲೂ ವಂತಿಗೆ ಎತ್ತುತ್ತೇವೆ. ಬಡವರ ಮನೆಯ ಸೋಲಾರ್ ದೀಪಕ್ಕೂ ಹಾಗೆ ಯಾಕೆ ಎತ್ತಬಾರದು?

ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ ಕಡೆ ಬಿಸಿಲಿಗೆ ಬರವಿಲ್ಲ. ಬರ ಇರೋದು ಮೊದಲ ಕಂತಿಗೆ. ತಂತಿ ಇರುವ ಮನೆಗೆ 2023ರಿಂದ ಗೃಹಜ್ಯೋತಿ ಉಂಟು. ನಾನು ಹೇಳುವುದು ತಂತಿ ಮುಟ್ಟದ ಹೊಲಮನೆ, ಕುರಿಹಟ್ಟಿಗಳ ಮಾತು. ಕರೆಂಟ್ ಹೋದರೆ ಹೊಲಿಗೆ ನಿಂತು ಅಂದಿನ ಕೂಲಿಯೇ ಹೋಗುವ ಮನೆಗಳ ಮಾತು.

ಹರೀಶ್ ಹಂದೆಯವರು 1995ರಲ್ಲಿ ಸೆಲ್ಕೋ ಸಂಸ್ಥೆ ಕಟ್ಟಿ, ಸೋಲಾರಿಗೆ ಸಾಲ ಕೊಡಲು ಗ್ರಾಮೀಣ ಬ್ಯಾಂಕುಗಳನ್ನು ಒಪ್ಪಿಸಿದರು. 2011ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಬೀದಿ ವ್ಯಾಪಾರಿಯೊಬ್ಬರಿಂದ ಕಲಿತ ಪಾಠವನ್ನು ಅವರು ಹೇಳುತ್ತಾರೆ: ತಿಂಗಳಿಗೆ 300 ರೂ. ಭಾರ, ದಿನಕ್ಕೆ 10 ರೂ. ಹಗುರ. ಲೆಕ್ಕ ಒಂದೇ, ಆದರೆ ಗಳಿಕೆ ಬರುವ ರೀತಿಗೆ ಕಂತು ಹೊಂದಬೇಕು. ಕೂಲಿಯವರಿಗೆ ವಾರಕ್ಕೆ, ಶೇಂಗಾ ಬೆಳೆಯುವವರಿಗೆ ಸುಗ್ಗಿಗೆ.

ಸಾಲ ಸಿಕ್ಕರೂ ಕೈಯಿಂದ ಒಂದಿಷ್ಟು ಕಟ್ಟಲೇಬೇಕು. ಉದಾಹರಣೆಗೆ, 20,000 ರೂ. ವ್ಯವಸ್ಥೆಗೆ ಶೇ. 15 ಎಂದರೆ 3,000 ರೂ. ಇಪ್ಪತ್ತು ಮನೆಯವರು ವಾರಕ್ಕೆ ಹತ್ತು ರೂಪಾಯಿ ಹಾಕಿದರೆ ಹದಿನೈದು ವಾರಕ್ಕೆ ಅಷ್ಟಾಯಿತು. ಇದು ದಾನವಲ್ಲ. ಆ ಮನೆಯವರು ನಿಧಾನಕ್ಕೆ ಮರಳಿಸಿದ ಹಣ ಮುಂದಿನ ಮನೆಗೆ ಹೋಗಬೇಕು.

ಹಣ ಸ್ತ್ರೀಶಕ್ತಿ ಸಂಘದಂಥ ಗುಂಪಿನ ಬ್ಯಾಂಕ್ ಖಾತೆಯಲ್ಲಿರಲಿ, ಲೆಕ್ಕ ಎಲ್ಲರೆದುರು ಓದಲಿ. ಇನ್ನೊಂದು ಮಾತು. ಪ್ಯಾನೆಲ್ ಇಪ್ಪತ್ತು ವರ್ಷ ದಾಟೀತು, ಬ್ಯಾಟರಿ ಅಷ್ಟು ಬಾಳದು. ಅದಕ್ಕೂ ಮೊದಲಿನಿಂದಲೇ ಸ್ವಲ್ಪ ಎತ್ತಿಡಿ. ಇಲ್ಲದಿದ್ದರೆ ಸಾಲ ತೀರುವ ಹೊತ್ತಿಗೆ ಮನೆ ಮತ್ತೆ ಕತ್ತಲೆ.