ಸಿರಾದ ಅರಮನೆ ಯಾಕೆ ಉಳಿಯಲಿಲ್ಲ?

ಬೆಂಗಳೂರಿಗೆ ಹೋದವರು ಲಾಲ್‌ಬಾಗ್ ನೋಡದೆ ಬರುವುದಿಲ್ಲ. ಆ ತೋಟದ ಬೇರು ನಮ್ಮ ಸಿರಾದಲ್ಲಿದೆ ಅಂದರೆ ನಂಬುವವರು ಕಡಿಮೆ. 1760ರಲ್ಲಿ ಹೈದರಾಲಿ ಅದನ್ನು ಹಾಕಿಸಿದಾಗ ಮಾದರಿಗೆ ಇಟ್ಟುಕೊಂಡದ್ದು ಸಿರಾದ ಮೊಗಲ್ ತೋಟವನ್ನು.

1687ರಿಂದ ಸಿರಾ ಮೊಗಲರ ಸುಬಾದ ಮುಖ್ಯ ಪಟ್ಟಣ. ಸುಬೇದಾರ ದಿಲಾವರ್ ಖಾನ್ ಇಲ್ಲೊಂದು ಅರಮನೆ ಕಟ್ಟಿಸಿದ. ಅದರ ಅಂದ ಕಂಡೇ ಬೆಂಗಳೂರು, ಶ್ರೀರಂಗಪಟ್ಟಣದ ಅರಮನೆಗಳನ್ನು ಅದೇ ಮಾದರಿಯಲ್ಲಿ ಎಬ್ಬಿಸಿದರು ಅಂತ ಮೈಸೂರು ಗೆಜೆಟಿಯರ್ ಹೇಳುತ್ತದೆ.

ಈಗ ಮೂಲ ಅರಮನೆ ನೋಡೋಣ ಅಂತ ಸಿರಾಕ್ಕೆ ಬಂದರೆ ಸಿಗುವುದಿಲ್ಲ. 1791ರಲ್ಲಿ ಮುಗಿದ ಬೆಂಗಳೂರಿನ ಟಿಪ್ಪು ಅರಮನೆಯನ್ನೇ ನೋಡಿ ಅಂದಾಜು ಮಾಡಬೇಕು. ಎರಡು ಅಂತಸ್ತು, ಸಾಲು ಸಾಲು ಮರದ ಕಂಬ, ಕಮಾನು. ಕಂಬದ ಬುಡಕ್ಕೆ ಕಲ್ಲು. ನೆಲದ ತೇವ, ಗೆದ್ದಲು ಮರಕ್ಕೆ ಹತ್ತಬಾರದು ಅಂತ ನಾವೂ ಹೀಗೇ ಕಲ್ಲು ಕೊಡುತ್ತೇವಲ್ಲ.

ಸಿರಾದಲ್ಲಿ 1651ರ ಮಲಿಕ್ ರಿಹಾನ್ ಗೋರಿ, 1696ರ ಜುಮ್ಮಾ ಮಸೀದಿ ಇನ್ನೂ ನಿಂತಿವೆ. ಅವು ಕಲ್ಲಿನವು. ಮರ, ಮಣ್ಣಿನ ಕಟ್ಟಡದ ಲೆಕ್ಕ ಬೇರೆ.

ನಮ್ಮ ಮಧುಗಿರಿ, ಪಾವಗಡ ಕಡೆಯ ಮಾಳಿಗೆ ಮನೆಯನ್ನೇ ನೋಡಿ. ಗೋಡೆ ಮೇಲೆ ತೊಲೆ, ತೊಲೆ ಮೇಲೆ ಜಂತೆ, ಅದರ ಮೇಲೆ ಕಡ್ಡಿ, ಬಂದರೆ ಸೊಪ್ಪು. ಆಮೇಲೆ ಮಣ್ಣು, ಕೊನೆಗೆ ಚೌಳು ಮಣ್ಣು. ಬೆಳೆಗೆ ಬಾರದ ಈ ಚೌಳು ನೆನೆದರೆ ನುಣ್ಣಗೆ ಕೂತು ನೀರಿಗೆ ದಾರಿ ಬಿಡಲ್ಲ. ಆದರೆ ಮಳೆಗೆ ಅದೂ ಕೊಚ್ಚಿ ಹೋಗುತ್ತೆ. ವರ್ಷ ವರ್ಷ ಮುಂಗಾರಿಗೆ ಮೊದಲು ಹೊಸದು ಹಾಕಬೇಕು. ತಪ್ಪಿದರೆ ಸೋರುತ್ತೆ, ಜಂತೆ ಕೊಳೆಯುತ್ತೆ, ಗೋಡೆ ನೆನೆದು ಕುಸಿಯುತ್ತೆ. ನಮ್ಮ ಹಳೇ ಮನೆಗೆ ಬೀಗ ಹಾಕಿದ ಮೂರನೇ ಮಳೆಗಾಲಕ್ಕೆ ತೊಲೆ ನೆಲಕ್ಕೆ ಬಿತ್ತು.

ಸಿರಾಕ್ಕೂ ಹಾಗೇ ಬೀಗ ಬಿತ್ತು. 1757ರಲ್ಲಿ ಮರಾಠರು, 1761ರಲ್ಲಿ ಹೈದರಾಲಿ, 1766ರಲ್ಲಿ ಮತ್ತೆ ಮರಾಠರು, 1774ರಲ್ಲಿ ಟಿಪ್ಪು, ಹೀಗೆ ಊರು ಕೈಯಿಂದ ಕೈಗೆ ಹೋಯಿತು. ಶ್ರೀರಂಗಪಟ್ಟಣದ ಗಂಜಾಂ ತುಂಬಿಸಲು ಇಲ್ಲಿಂದ 12,000 ಸಂಸಾರಗಳನ್ನು ಒಯ್ದರು ಅಂತಲೂ ಗೆಜೆಟಿಯರಿನಲ್ಲಿದೆ. ಮಾಳಿಗೆಗೆ ಮಣ್ಣು ಹಾಕುವ ಕೈ, ತೋಟಕ್ಕೆ ನೀರು ಕಟ್ಟುವ ಕೈ ಹೋದ ಮೇಲೆ ಉಳಿಯುವುದೇನು? ಅರಮನೆ ಬಿದ್ದದ್ದು ಹೀಗೇ ಅಂತ ನನ್ನ ಲೆಕ್ಕ.

ನಿಮ್ಮೂರಲ್ಲಿ ಮಾಳಿಗೆ ಮನೆ ಉಳಿದಿದ್ದರೆ ಈ ಸಲ ಮುಂಗಾರಿಗೆ ಮುಂಚೆ ಒಂದು ಗಾಡಿ ಚೌಳು ಹೊಡೆಸಿ. ಸಿರಾದ ಅರಮನೆಗಾದರೂ ಬೆಂಗಳೂರಿನಲ್ಲಿ ಒಂದು ಮಾದರಿ ಉಳಿದಿದೆ. ನಮ್ಮ ಮನೆಗಳಿಗೆ ಅದೂ ಇಲ್ಲ.