ಕಡತ ತೆರೆದೊಡನೆ ತಾನಾಗಿ ನಡೆಯುವ ಆಜ್ಞೆಗಳು



ಹಳೆಯ ಸಭೆಯೊಂದರ ನಡವಳಿಯನ್ನು ಸದಸ್ಯರೊಬ್ಬರಿಗೆ ಮುದ್ರಿಸಿಕೊಟ್ಟಾಗ, ಅದರಲ್ಲಿ ಸಭೆ ನಡೆದ ದಿನಾಂಕದ ಬದಲು ಮುದ್ರಿಸಿದ ದಿನದ ದಿನಾಂಕವಿತ್ತು. ಯಾರೂ ಅದನ್ನು ತಿದ್ದಿರಲಿಲ್ಲ. ಮಾದರಿ ಕಡತವನ್ನು ಸಿದ್ಧಪಡಿಸುವಾಗ, ಕಡತ ತೆರೆದಾಗಲೆಲ್ಲ ತಾನಾಗಿ ಬದಲಾಗುವ ದಿನಾಂಕವನ್ನು ನಾನೇ ಅದರಲ್ಲಿ ಸೇರಿಸಿದ್ದೆನು. ಈ ತಪ್ಪೇ ಪ್ರಸ್ತುತ ಲೇಖನಕ್ಕೆ ಕಾರಣ.

ಪಂಪ್‌ಸೆಟ್ಟಿನ ಆಟೋ ಸ್ಟಾರ್ಟರ್ ತಮಗೆ ತಿಳಿದೇ ಇದೆ. ವಿದ್ಯುತ್ ಬಂದೊಡನೆ ಮೋಟಾರು ತಾನಾಗಿ ಚಾಲನೆಗೊಳ್ಳುತ್ತದೆ. ಗಣಕಯಂತ್ರದ ಬರವಣಿಗೆಯ ತಂತ್ರಾಂಶಗಳಲ್ಲಿಯೂ ಇಂತಹದೇ ವ್ಯವಸ್ಥೆಯಿದೆ. ಕಡತ ತೆರೆಯುವುದು, ಉಳಿಸುವುದು, ಮುಚ್ಚುವುದು ಇವು ‘ಘಟನೆ’ಗಳು, ಘಟನೆ ಸಂಭವಿಸಿದೊಡನೆ ಅದಕ್ಕೆ ಜೋಡಿಸಿದ ಆಜ್ಞೆ ಜಾರಿಯಾಗುತ್ತದೆ. ‘ವಿಮ್’ ಎಂಬ ಎಡಿಟರಿನಲ್ಲಿ ಇದಕ್ಕೆ ‘ಆಟೋಕಮಾಂಡ್’ ಎಂದು ಹೆಸರು. ಕಡತ ಉಳಿಸುವ ಮುನ್ನ ಸಾಲಿನ ಕೊನೆಯ ಅನಗತ್ಯ ಖಾಲಿ ಜಾಗಗಳನ್ನು ಅಳಿಸುವಂತೆ ಅದಕ್ಕೆ ಸೂಚಿಸಬಹುದು. ಲಿಬ್ರೆಆಫೀಸಿನಲ್ಲಿ ‘ಟೂಲ್ಸ್’ ಪಟ್ಟಿಯ ‘ಕಸ್ಟಮೈಸ್’ ಆಯ್ಕೆಯೊಳಗೆ ‘ಈವೆಂಟ್ಸ್’ ಎಂಬ ಪುಟವಿದೆ. ಯಾವ ಘಟನೆಗೆ ಯಾವ ಮ್ಯಾಕ್ರೊ ಜೋಡಣೆಯಾಗಿದೆ ಎಂಬುದನ್ನು ಅಲ್ಲಿ ನೋಡಬಹುದು.

ಇದರಿಂದ ಶ್ರಮ ಉಳಿಯುತ್ತದೆ, ಮರೆವಿನ ದೋಷಗಳೂ ಕಡಿಮೆಯಾಗುತ್ತವೆ. ಆದರೆ ಬಾವಿಯಲ್ಲಿ ನೀರಿದೆಯೇ ಎಂದು ಆಟೋ ಸ್ಟಾರ್ಟರ್ ಕೇಳುವುದಿಲ್ಲ. ಅಂತೆಯೇ, ಜೋಡಿಸಿದ ಆಜ್ಞೆ ಸರಿಯೋ ತಪ್ಪೋ ಎಂಬುದನ್ನು ಗಣಕಯಂತ್ರ ವಿಚಾರಿಸುವುದಿಲ್ಲ. 1999ರಲ್ಲಿ ಹರಡಿದ ‘ಮೆಲಿಸ್ಸಾ’ ವೈರಸ್ ಇದೇ ಮಾರ್ಗವನ್ನು ಬಳಸಿತ್ತು. ವರ್ಡ್ ಕಡತವನ್ನು ತೆರೆದೊಡನೆ ಅದರೊಳಗಿನ ಮ್ಯಾಕ್ರೊ ಜಾಗೃತವಾಗಿ, ವಿಳಾಸ ಪಟ್ಟಿಯ ಮೊದಲ 50 ವಿಳಾಸಗಳಿಗೆ ತನ್ನನ್ನು ತಾನೇ ಇ-ಮೇಲ್ ಮೂಲಕ ಕಳುಹಿಸಿಕೊಳ್ಳುತ್ತಿತ್ತು.

ಆದುದರಿಂದ ಸದಸ್ಯರು ಈ ಕೆಳಗಿನ ಅಂಶಗಳನ್ನು ಗಮನಿಸಲು ಕೋರಿದೆ:

1. ನಡವಳಿಯ ಮುದ್ರಿತ ಪ್ರತಿಗೆ ಸಹಿ ಮಾಡುವ ಮುನ್ನ ದಿನಾಂಕ ಹಾಗೂ ನಿರ್ಣಯದ ಸಂಖ್ಯೆಯನ್ನು ಮೂಲ ನಡವಳಿ ಪುಸ್ತಕದೊಂದಿಗೆ ತಾಳೆ ನೋಡುವುದು.

2. ನಡವಳಿಯಲ್ಲಿ ಬದಲಾಗದ ದಿನಾಂಕವನ್ನೇ ಬಳಸುವಂತೆ ಸಿಬ್ಬಂದಿಗೆ ತಿಳಿಸುವುದು.

3. ಹೊರಗಿನಿಂದ ಬಂದ ಕಡತವು ಮ್ಯಾಕ್ರೊ ಚಾಲನೆಗೆ ಅನುಮತಿ ಕೇಳಿದಲ್ಲಿ, ಕಳುಹಿಸಿದವರನ್ನು ವಿಚಾರಿಸದೆ ಅನುಮತಿ ನೀಡದಿರುವುದು.

4. ಕಚೇರಿಯ ಕಡತಗಳಿಗೆ ಜೋಡಿಸಿದ ಆಜ್ಞೆಗಳ ಪಟ್ಟಿಯನ್ನು ಲಿಖಿತವಾಗಿ ಇರಿಸುವುದು. ಸಿಬ್ಬಂದಿ ವರ್ಗಾವಣೆಯಾದರೂ ಆಜ್ಞೆಗಳು ಯಂತ್ರದಲ್ಲಿಯೇ ಉಳಿದಿರುತ್ತವೆ.

ಆಜ್ಞೆಯನ್ನು ಜಾರಿಗೊಳಿಸುವುದು ಯಂತ್ರವೇ ಆದರೂ ದಾಖಲೆಯ ಹೊಣೆ ಸಹಿ ಮಾಡಿದ ನಮ್ಮದೇ ಆಗಿರುತ್ತದೆ.

– ಪಂಚಾಯಿತಿ ಅಭಿವೃದ್ಧಿ ಅಧಿಕಾರಿ