ಬಿಡದೆ ಕಾಡುವ ಆತಂಕ: ಸಮಗ್ರ ಹತೋಟಿ ಕ್ರಮಗಳು

ಬೆಳೆಯ ಎಲೆ ಮುದುರಿದರೆ ನೀವು ಅದೇ ದಿನ ಎಲೆಯನ್ನು ತಿರುವಿ ನೋಡುತ್ತೀರಿ. ಎತ್ತು ಎರಡು ಹೊತ್ತು ಮೇವು ಬಿಟ್ಟರೆ ಪಶುವೈದ್ಯರನ್ನು ಕರೆಸುತ್ತೀರಿ. ಪಂಪಿನ ಸದ್ದು ಸ್ವಲ್ಪ ಬದಲಾದರೂ ನಿಮ್ಮ ಕಿವಿಗೆ ತಿಳಿಯುತ್ತದೆ. ಆದರೆ ರಾತ್ರಿ ಎರಡು ಗಂಟೆಗೆ ಎಚ್ಚರವಾಗಿ, ಎದೆ ಡವಡವ ಎಂದು ಹೊಡೆದುಕೊಂಡು, ಸಾಲ, ಮಳೆ, ಮಗಳ ಮದುವೆ, ಪೇಟೆಯ ಧಾರಣೆ ಎಂದು ಒಂದರ ಹಿಂದೆ ಒಂದು ಚಿಂತೆ ಬರತೊಡಗಿ ತಿಂಗಳುಗಳೇ ಕಳೆದಿದ್ದರೂ, 'ಒಕ್ಕಲುತನ ಎಂದ ಮೇಲೆ ಇದೆಲ್ಲ ಇದ್ದದ್ದೇ' ಎಂದು ಸುಮ್ಮನಿದ್ದುಬಿಡುತ್ತೀರಿ.

ಚಿಂತೆಯೇ ಇಲ್ಲದ ರೈತನಿಲ್ಲ, ಇರಬೇಕಾಗಿಯೂ ಇಲ್ಲ. ಮೋಡ ಕವಿದಾಗ ಕಣದಲ್ಲಿರುವ ರಾಗಿಯ ಬಗ್ಗೆ ದಿಗಿಲು ಹುಟ್ಟುವುದರಿಂದಲೇ ನಾವು ಎದ್ದುಹೋಗಿ ತಾಡಪಾಲು ಹೊದಿಸುತ್ತೇವೆ. ಕೆಲಸ ಮಾಡಿಸಿ ಹೊರಟುಹೋಗುವ ಇಂಥ ಚಿಂತೆ ಒಳ್ಳೆಯದು. ಕೆಲಸವನ್ನೂ ಮಾಡಿಸದೆ, ಬಿಟ್ಟೂ ಹೋಗದೆ, ಗಾಣದೆತ್ತಿನಂತೆ ಸುತ್ತಿದಲ್ಲೇ ಸುತ್ತುವ ಚಿಂತೆ ಮಾತ್ರ ರೋಗದ ಲಕ್ಷಣ. ವೈದ್ಯರು ಇದನ್ನು ಆತಂಕದ ಕಾಯಿಲೆ ಎನ್ನುತ್ತಾರೆ.

ಪೀಡೆಗಳ ಸಮಗ್ರ ನಿರ್ವಹಣೆಯನ್ನು ನೀವು ಬಲ್ಲಿರಿ. ಅಲ್ಲಿ ಹೊಲದ ಹುಳುವನ್ನೆಲ್ಲ ಕೊಲ್ಲುವ ಗುರಿ ಇರುವುದಿಲ್ಲ. ಹುಳುವಿನ ಸಂಖ್ಯೆ ಬೆಳೆಗೆ ನಷ್ಟ ತರುವ ಮಟ್ಟವನ್ನು ದಾಟದಂತೆ ನೋಡಿಕೊಳ್ಳುವುದೇ ಗುರಿ. ಅದಕ್ಕಾಗಿ ಮಾಗಿ ಉಳುಮೆ, ಬೆಳೆ ಬದಲಾವಣೆ, ಮೋಹಕ ಬಲೆ ಮೊದಲಾದ ಹಲವು ಕ್ರಮಗಳನ್ನು ಒಟ್ಟಿಗೆ ಅನುಸರಿಸಿ, ಅಗತ್ಯಬಿದ್ದಾಗ ಮಾತ್ರ ಔಷಧಿ ಸಿಂಪಡಿಸುತ್ತೇವೆ. ಆತಂಕದ ಹತೋಟಿಗೂ ಇದೇ ದಾರಿ ಸರಿಯಾದುದು.

ಗುರುತಿಸುವುದು ಹೇಗೆ?

ಹೆಚ್ಚಿನ ದಿನಗಳಲ್ಲಿ, ಸುಮಾರು 6 ತಿಂಗಳು ಅಥವಾ ಅದಕ್ಕಿಂತ ಹೆಚ್ಚು ಕಾಲ, ಹತೋಟಿಗೆ ಬಾರದ ಚಿಂತೆ ಇದ್ದು, ಜೊತೆಗೆ ಈ ಕೆಳಗಿನ ಹಲವು ಲಕ್ಷಣಗಳು ಕಂಡುಬಂದರೆ ಅದನ್ನು ಅಲಕ್ಷಿಸಬಾರದು: ನಿದ್ರೆ ಹತ್ತದಿರುವುದು ಅಥವಾ ನಡುರಾತ್ರಿ ಎಚ್ಚರವಾಗುವುದು, ಸಣ್ಣ ಮಾತಿಗೂ ಸಿಡುಕುವುದು, ಕುತ್ತಿಗೆ ಮತ್ತು ಹೆಗಲು ಬಿಗಿಯುವುದು, ಬೇಗ ದಣಿಯುವುದು, ಮನಸ್ಸು ಒಂದೆಡೆ ನಿಲ್ಲದಿರುವುದು. ಹೊಟ್ಟೆ ತೊಳಸುವುದು, ಕೈ ನಡುಗುವುದು, ಬೆವರುವುದು, ಎದೆಬಡಿತ ಹೆಚ್ಚುವುದು ಕೂಡ ಸಾಮಾನ್ಯ.

ಲೋಕದಾದ್ಯಂತ ಈ ಕಾಯಿಲೆ ಪುರುಷರಿಗಿಂತ ಮಹಿಳೆಯರಲ್ಲಿ ಹೆಚ್ಚು. ಆದ್ದರಿಂದ ಮನೆಯಾಕೆ 'ತಲೆನೋವು, ಸುಸ್ತು, ಎದೆಯಲ್ಲಿ ಏನೋ ಭಾರ' ಎಂದು ಮತ್ತೆ ಮತ್ತೆ ಹೇಳಿದರೆ ಅದನ್ನು ಹಗುರವಾಗಿ ತಳ್ಳಿಹಾಕಬೇಡಿ. ಥೈರಾಯಿಡ್ ಗ್ರಂಥಿ ಅತಿಯಾಗಿ ಕೆಲಸ ಮಾಡಿದಾಗಲೂ ಎದೆಬಡಿತ, ನಡುಕ, ಬೆವರು ಕಾಣಿಸಿಕೊಳ್ಳುತ್ತವೆ. ಹಾಗಾಗಿ ಮೊದಲಿಗೆ ಒಮ್ಮೆ ವೈದ್ಯರ ತಪಾಸಣೆ ಅವಶ್ಯ.

ದೇಹದಲ್ಲಿ ನಡೆಯುವುದೇನು?

ಬದುವಿನ ಮೇಲೆ ಹಾವು ಕಂಡಿತೆನ್ನಿ. ಮೂತ್ರಪಿಂಡಗಳ ಮೇಲಿರುವ ಪುಟ್ಟ ಗ್ರಂಥಿಗಳು ಅಡ್ರಿನಲಿನ್ ಎಂಬ ರಸವನ್ನು ರಕ್ತಕ್ಕೆ ಬಿಡುತ್ತವೆ. ಎದೆಬಡಿತ ಏರುತ್ತದೆ, ಉಸಿರು ಚುರುಕಾಗುತ್ತದೆ, ಸ್ನಾಯುಗಳು ಬಿಗಿಯುತ್ತವೆ. ಓಡಲು ಅಥವಾ ಹೊಡೆಯಲು ದೇಹ ಸಿದ್ಧವಾಗುತ್ತದೆ. ಹಾವು ಸರಿದುಹೋದ ಮೇಲೆ ದೇಹವೂ ತಣ್ಣಗಾಗುತ್ತದೆ. ಆದರೆ ಸಾಲದ ಕಂತು ಹಾವಿನಂತೆ ಸರಿದುಹೋಗುವುದಿಲ್ಲ. ಮಳೆಯ ಅನುಮಾನ ಮೂರು ತಿಂಗಳು ತಲೆಯ ಮೇಲೆ ನಿಂತಿರುತ್ತದೆ. ದೇಹವೂ ಅಷ್ಟು ಕಾಲ ಬಿಗಿದುಕೊಂಡೇ ಇರುತ್ತದೆ. ಇದು ಮನಸ್ಸಿನ ದೌರ್ಬಲ್ಯವೂ ಅಲ್ಲ, ಹೇಡಿತನವೂ ಅಲ್ಲ. ಸದಾ ಚಾಲೂ ಇಟ್ಟ ಮೋಟಾರು ಬಿಸಿಯಾಗುವಂತೆ ದೇಹ ಬಿಸಿಯಾಗಿದೆ, ಅಷ್ಟೆ.

ಹತೋಟಿ ಕ್ರಮಗಳು

1. ಉಸಿರು ಮತ್ತು ಸ್ನಾಯು: ಎದೆಬಡಿತವನ್ನು ನಾವು ಮನಸ್ಸಿಗೆ ಬಂದಂತೆ ನಿಲ್ಲಿಸಲಾರೆವು, ಉಸಿರನ್ನು ಮಾತ್ರ ನಿಧಾನಿಸಬಲ್ಲೆವು. ಉಸಿರು ನಿಧಾನವಾದರೆ ಎದೆಬಡಿತವೂ ಇಳಿಯುತ್ತದೆ. ಬೆನ್ನು ನೆಟ್ಟಗಿಟ್ಟು ಕುಳಿತು ಮೂಗಿನಿಂದ ನಾಲ್ಕು ಎಣಿಸುವಷ್ಟು ಹೊತ್ತು ಉಸಿರು ಎಳೆದುಕೊಳ್ಳಿ. ಆರು ಎಣಿಸುವಷ್ಟು ಹೊತ್ತು ನಿಧಾನವಾಗಿ ಬಿಡಿ. ಹೊಟ್ಟೆ ಏರಿಳಿಯಬೇಕು, ಹೆಗಲಲ್ಲ. ಹೀಗೆ ನಿಮಿಷಕ್ಕೆ ಆರು ಉಸಿರಿನಂತೆ ಬೆಳಿಗ್ಗೆ, ಸಂಜೆ ಹತ್ತು ಹತ್ತು ನಿಮಿಷ ಮಾಡಿ. ತಲೆ ತಿರುಗಿದಂತಾದರೆ ನಿಲ್ಲಿಸಿ, ಎಂದಿನಂತೆ ಉಸಿರಾಡಿ.

ಸ್ನಾಯುಗಳನ್ನು ಸಡಿಲಿಸುವ ಒಂದು ಕ್ರಮವನ್ನು ಅಮೆರಿಕದ ವೈದ್ಯ ಎಡ್ಮಂಡ್ ಜೇಕಬ್ಸನ್ 1929ರಲ್ಲಿ ತಮ್ಮ ಪುಸ್ತಕದಲ್ಲಿ ವಿವರಿಸಿದರು. ಅದನ್ನೇ ಸರಳಗೊಳಿಸಿದ ರೂಪವನ್ನು ಇಂದು ಎಲ್ಲೆಡೆ ಬಳಸುತ್ತಾರೆ. ಚಾಪೆಯ ಮೇಲೆ ಅಂಗಾತ ಮಲಗಿ ಪಾದಗಳನ್ನು ಐದು ಸೆಕೆಂಡು ಬಿಗಿಹಿಡಿದು ಸಡಿಲಬಿಡಿ. ಬಳಿಕ ಮೀನಖಂಡ, ತೊಡೆ, ಹೊಟ್ಟೆ, ಮುಷ್ಟಿ, ಹೆಗಲು, ಮುಖ ಹೀಗೆ ಮೇಲಕ್ಕೆ ಬನ್ನಿ. ಶವಾಸನ ಬಲ್ಲವರಿಗೆ ಇದು ಕಷ್ಟವಾಗದು. ಆತಂಕ ಏರಿದ ಮೇಲೆ ಮೊದಲ ಬಾರಿಗೆ ಕಲಿಯಹೊರಟರೆ ಪ್ರಯೋಜನವಾಗುವುದು ಕಡಿಮೆ. ನೆಮ್ಮದಿಯಿರುವ ದಿನಗಳಲ್ಲೇ ರೂಢಿ ಮಾಡಿಕೊಳ್ಳಬೇಕು.

2. ನಿದ್ರೆ: ನಿದ್ರೆಗೆಟ್ಟರೆ ಆತಂಕ ಹೆಚ್ಚುತ್ತದೆ, ಆತಂಕ ಹೆಚ್ಚಿದರೆ ನಿದ್ರೆ ಕೆಡುತ್ತದೆ. ಪ್ರತಿದಿನ ಏಳುವ ಹೊತ್ತನ್ನು ಒಂದೇ ಮಾಡಿಕೊಳ್ಳಿ. ಸುಮಾರು ಇಪ್ಪತ್ತು ನಿಮಿಷ ಕಳೆದರೂ ನಿದ್ರೆ ಬಾರದಿದ್ದರೆ ಹಾಸಿಗೆಯಲ್ಲಿ ಹೊರಳಾಡಬೇಡಿ. ಎದ್ದು ಜಗಲಿಯಲ್ಲಿ ಕುಳಿತಿದ್ದು, ತೂಕಡಿಕೆ ಬಂದಾಗ ಮತ್ತೆ ಮಲಗಿ. ಮೊಬೈಲನ್ನು ಹಾಸಿಗೆಯಿಂದ ದೂರವಿಡಿ. ರಾತ್ರಿ ಪಾಳಿಯಲ್ಲಿ ಕರೆಂಟು ಬರುವ ಊರುಗಳಲ್ಲಿ ನೀರು ಹಾಯಿಸುವ ಕೆಲಸ ಒಬ್ಬರ ಮೇಲೆಯೇ ಬೀಳದಂತೆ ಮನೆಯವರು, ಪಕ್ಕದ ಹೊಲದವರು ಸರದಿ ಮಾಡಿಕೊಳ್ಳುವುದು ಒಳ್ಳೆಯದು. ನಿದ್ರೆಗೆಟ್ಟ ಮರುದಿನ ಮಧ್ಯಾಹ್ನ ಅರ್ಧ ಗಂಟೆ ಮಲಗಿದರೆ ಸಾಕು. ಸಂಜೆಯವರೆಗೆ ಮಲಗಿದರೆ ಆ ರಾತ್ರಿಯೂ ನಿದ್ರೆ ಹಾಳು.

3. ಮೈದಂಡನೆ: ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಸಾಧಾರಣ ಶ್ರಮದ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಸಲಹೆ ಮಾಡಿದೆ. ಕಳೆ ತೆಗೆಯುವವರಿಗೆ, ಹೊರೆ ಹೊರುವವರಿಗೆ ಇದು ಹೊಲದಲ್ಲೇ ದೊರೆಯುತ್ತದೆ. ಆದರೆ ಬೈಕಿನಲ್ಲಿ ತೋಟಕ್ಕೆ ಹೋಗಿ, ಸ್ಟಾರ್ಟರ್ ಒತ್ತಿ, ಟ್ರ್ಯಾಕ್ಟರಿನವನಿಗೆ ಹೇಳಿ ಬರುವವರಿಗೆ ದೊರೆಯದು. ಅಂಥವರು ದಿನವೂ ಅರ್ಧ ಗಂಟೆ ಬಿರುಸಾಗಿ ನಡೆಯಬೇಕು. ಬಿಗಿದ ದೇಹಕ್ಕೆ ಓಡಾಟವೇ ಮದ್ದು.

4. ಕಾಫಿ, ತಂಬಾಕು, ಮದ್ಯ: ಕಾಫಿ, ಚಹಾದಲ್ಲಿರುವ ಕೆಫೀನ್ ಎದೆಬಡಿತವನ್ನು ಏರಿಸುತ್ತದೆ. ಕುಡಿದ ಐದು ಗಂಟೆಗಳ ನಂತರವೂ ಅದರ ಸುಮಾರು ಅರ್ಧಪಾಲು ದೇಹದಲ್ಲಿ ಉಳಿದಿರುತ್ತದೆ. ಆದ್ದರಿಂದ ಮಧ್ಯಾಹ್ನದ ನಂತರ ಬೇಡ. ಬೀಡಿ ಎಳೆದರೆ, ತಂಬಾಕು ಹಾಕಿದರೆ ಮನಸ್ಸು ಹಗುರವಾದಂತೆ ತೋರುವುದು ನಿಜ. ಆದರೆ ಅದು ಶಮನ ಮಾಡುವುದು ಬಹುಮಟ್ಟಿಗೆ ಹಿಂದಿನ ಬೀಡಿಯ ಚಟ ಹುಟ್ಟಿಸಿದ ಚಡಪಡಿಕೆಯನ್ನೇ. ಮದ್ಯವಂತೂ ಬಡ್ಡಿಸಾಲದಂತೆ. ಕುಡಿದಾಗ ನಿದ್ರೆ ಬಂದರೂ ನಡುರಾತ್ರಿ ಎಚ್ಚರವಾಗುತ್ತದೆ. ಅಮಲು ಇಳಿದಾಗ ಆತಂಕ ಮೊದಲಿಗಿಂತ ಹೆಚ್ಚಾಗಿ ಮರಳುತ್ತದೆ. ದಿನವೂ ಹೆಚ್ಚು ಕುಡಿಯುತ್ತಿರುವವರು ಥಟ್ಟನೆ ನಿಲ್ಲಿಸುವುದು ಅಪಾಯಕರ. ವೈದ್ಯರ ನೆರವಿನಿಂದ ನಿಲ್ಲಿಸಬೇಕು.

5. ಚಿಂತೆಯ ಲೆಕ್ಕ: ಖರ್ಚಿನ ಲೆಕ್ಕ ಬರೆಯುವಂತೆ ಚಿಂತೆಯ ಲೆಕ್ಕವನ್ನೂ ಬರೆಯಿರಿ. ಸಂಜೆ ದೀಪ ಹಚ್ಚುವ ಮೊದಲು ಇಪ್ಪತ್ತು ನಿಮಿಷ ಇದಕ್ಕೆಂದೇ ಮೀಸಲಿಡಿ. ಎಡಗಡೆ ಚಿಂತೆ, ಬಲಗಡೆ ಅದಕ್ಕೆ ಮಾಡಬಹುದಾದ ಕೆಲಸ ಬರೆಯಬೇಕು. ಮೆಣಸಿನಕಾಯಿ ಬೆಳೆದವರೊಬ್ಬರ ಪುಟ ಹೀಗಿರಬಹುದು:

'ಸೊಸೈಟಿ ಸಾಲದ ಗಡುವು ಬಂತು' — ಸೋಮವಾರ ಕಾರ್ಯದರ್ಶಿಯನ್ನು ಕಂಡು ಬಾಕಿ ಎಷ್ಟು, ಕೊನೆಯ ದಿನ ಯಾವುದು ಎಂದು ಬರೆಸಿಕೊಳ್ಳುವುದು.

'ಎಲೆ ಮುದುರು ಹೆಚ್ಚಾಗಿದೆ' — ನಾಳೆ ರೋಗ ತಗುಲಿದ ಗಿಡವನ್ನು ರೈತ ಸಂಪರ್ಕ ಕೇಂದ್ರಕ್ಕೆ ಒಯ್ದು ತೋರಿಸುವುದು.

'ಧಾರಣೆ ಬಿದ್ದರೆ?' — ನನ್ನ ಕೈಯಲ್ಲಿಲ್ಲ. ಕೊಯ್ಲಿನ ಹೊತ್ತಿಗೆ ನೋಡುವುದು.

'ಊರವರು ಏನೆಂದಾರು?' — ಮಾಡುವ ಕೆಲಸವೇನೂ ಇಲ್ಲ. ಹೊಡೆದುಹಾಕುವುದು.

ರಾತ್ರಿ ಅದೇ ಚಿಂತೆ ಮತ್ತೆ ಬಂದರೆ 'ಪುಸ್ತಕದಲ್ಲಿದೆ, ನಾಳೆ ಸಂಜೆ ನೋಡೋಣ' ಎಂದುಕೊಳ್ಳಿ. ಕೆಲವು ವಾರಗಳಲ್ಲಿ ಮನಸ್ಸು ಈ ಶಿಸ್ತಿಗೆ ಒಗ್ಗುತ್ತದೆ.

6. ಮುಂದೂಡುವುದನ್ನು ಬಿಡುವುದು: ಬ್ಯಾಂಕಿನಿಂದ ಬಂದ ಕಾಗದವನ್ನು ಒಡೆಯದೆ ಮಾಡಿನಲ್ಲಿ ಸಿಕ್ಕಿಸಿಡುವುದು, ಸಾಲ ಕೊಟ್ಟವರು ಎದುರಾದರೆ ದಾರಿ ಬದಲಿಸುವುದು, ಸಂತೆಗೂ ಮದುವೆಗೂ ಹೋಗದಿರುವುದು, ಇವೆಲ್ಲ ಆ ಕ್ಷಣಕ್ಕೆ ನಿರಾಳ ಎನಿಸುತ್ತವೆ. ಆದರೆ ಜೇಕಿನ ಕಳೆಯನ್ನು ಮೇಲೆ ಮೇಲೆ ಕೊಯ್ದರೆ ನೆಲದೊಳಗಿನ ಗೆಡ್ಡೆಯಿಂದ ಮತ್ತೆ ಚಿಗುರುವಂತೆ, ತಪ್ಪಿಸಿಕೊಂಡ ಭಯ ಇನ್ನಷ್ಟು ಬಲಿಯುತ್ತದೆ. ಇದರಿಂದ ಹಣದ ನಷ್ಟವೂ ಉಂಟು. 2016ರಲ್ಲಿ ಆರಂಭವಾದ ಫಸಲ್ ಬಿಮಾ ಯೋಜನೆಯಲ್ಲಿ ವಿಮೆ ಮಾಡಿಸಿದ ಬೆಳೆಗೆ ಆಲಿಕಲ್ಲು ಮಳೆಯಿಂದ ಹಾನಿಯಾದರೆ 72 ಗಂಟೆಗಳೊಳಗೆ ತಿಳಿಸಬೇಕೆಂಬ ನಿಯಮವಿದೆ. ಮುಸುಕೆಳೆದು ಮಲಗಿದವರಿಗೆ ಆ ಮೂರು ದಿನಗಳು ಮರಳಿ ಬರುವುದಿಲ್ಲ. ನೈಸರ್ಗಿಕ ವಿಕೋಪ ಘೋಷಣೆಯಾದ ಪ್ರದೇಶಗಳಲ್ಲಿ ಬೆಳೆಸಾಲದ ಅವಧಿಯನ್ನು ಮುಂದಕ್ಕೆ ಹಾಕಿಕೊಡಲು ಬ್ಯಾಂಕುಗಳಿಗೆ ಅವಕಾಶವಿದೆ. ಆದರೆ ಅದನ್ನು ಹೋಗಿ ಕೇಳಬೇಕು. ಹೆದರಿಕೆಯ ಕೆಲಸಗಳಲ್ಲಿ ಅತಿ ಸಣ್ಣದನ್ನು ಈ ವಾರ ಮಾಡಿ. ಒಬ್ಬರೇ ಹೋಗಲಾಗದಿದ್ದರೆ ಯಾರನ್ನಾದರೂ ಜೊತೆಗೆ ಕರೆದುಕೊಂಡು ಹೋಗಿ.

7. ಮಾತು: ಸಾಲದ ವಿಷಯವನ್ನು ಹೆಂಡತಿ ಮಕ್ಕಳಿಂದ ಮುಚ್ಚಿಡುವವರೇ ಹೆಚ್ಚು. ಮುಚ್ಚಿಟ್ಟ ಹೊರೆ ಭಾರವಾಗುತ್ತದೆ. ವಾರಕ್ಕೊಮ್ಮೆ ಮನೆಯವರೆಲ್ಲ ಕುಳಿತು ಲೆಕ್ಕ ನೋಡುವ ಪದ್ಧತಿ ಇಟ್ಟುಕೊಳ್ಳಿ. ಭಜನೆ, ದೇವಸ್ಥಾನ, ಹಬ್ಬ, ಜಾತ್ರೆಗಳಿಂದ ನೆಮ್ಮದಿ ದೊರೆಯುವವರು ಅವನ್ನು ಬಿಡಬೇಕಾಗಿಲ್ಲ. ಹರಕೆ ಹೊತ್ತೆವೆಂದು ಚಿಕಿತ್ಸೆ ನಿಲ್ಲಿಸುವುದು ಮಾತ್ರ ಸಲ್ಲದು.

ವೈದ್ಯರ ಬಳಿಗೆ ಯಾವಾಗ?

ಒಂದೆರಡು ತಿಂಗಳು ಈ ಕ್ರಮಗಳನ್ನು ಅನುಸರಿಸಿದರೂ ನಿದ್ರೆ, ಊಟ, ಕೆಲಸ ಸುಧಾರಿಸದಿದ್ದರೆ ವೈದ್ಯರನ್ನು ಕಾಣಬೇಕು. ಕೆಲಸಕ್ಕೆ ಹೋಗಲಾರದಷ್ಟು ತೊಂದರೆಯಿದ್ದರೆ ಅಷ್ಟು ದಿನ ಕಾಯುವುದೇ ಬೇಡ. ಇದಕ್ಕೆ ದೂರದ ಊರಿಗೇ ಹೋಗಬೇಕೆಂದಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ತರಬೇತಿ ಕೊಟ್ಟರೆ ಮಾನಸಿಕ ಕಾಯಿಲೆಗಳ ಚಿಕಿತ್ಸೆಯನ್ನು ಹಳ್ಳಿಯ ಬಳಿಗೇ ತರಬಹುದೆಂದು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 1980ರ ದಶಕದಲ್ಲಿ ನಮ್ಮ ಬಳ್ಳಾರಿ ಜಿಲ್ಲೆಯಲ್ಲೇ ತೋರಿಸಿಕೊಟ್ಟಿತು. 1996ರಲ್ಲಿ ದೇಶದಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆ ಪ್ರಯೋಗವೇ ಮಾದರಿ. ಮನೋವೈದ್ಯರು ಬರುವ ದಿನ ಯಾವುದೆಂದು ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಿ. ಧಾರವಾಡದ ಡಿಮ್ಹಾನ್ಸ್‌ನಲ್ಲಿಯೂ ಚಿಕಿತ್ಸೆ ದೊರೆಯುತ್ತದೆ.

ಆತಂಕಕ್ಕೆ ಮಾತಿನ ಚಿಕಿತ್ಸೆಯೂ ಉಂಟು, ಮಾತ್ರೆಯೂ ಉಂಟು. ವೈದ್ಯರು ಸಾಮಾನ್ಯವಾಗಿ ಕೊಡುವ ಮಾತ್ರೆಗಳ ಗುಣ ತಿಳಿಯಲು ಕೆಲವು ವಾರಗಳು ಬೇಕು. ನಾಲ್ಕು ದಿನ ನುಂಗಿ 'ಗುಣವಾಗಲಿಲ್ಲ' ಎಂದೋ, ಗುಣ ಕಂಡೊಡನೆ 'ಇನ್ನು ಸಾಕು' ಎಂದೋ ನಿಲ್ಲಿಸಬಾರದು. ಔಷಧಿ ಅಂಗಡಿಯಿಂದ ಚೀಟಿಯಿಲ್ಲದೆ ಆಲ್ಪ್ರಜೋಲಾಮ್‌ನಂಥ ಮಾತ್ರೆ ತಂದು ನುಂಗುವುದು ಅಪಾಯಕರ. ಅದು ಚಟವಾಗುತ್ತದೆ, ಮದ್ಯದೊಂದಿಗೆ ಸೇರಿದರೆ ಉಸಿರಾಟವನ್ನೇ ಕುಗ್ಗಿಸಬಲ್ಲದು. ಅಶ್ವಗಂಧವನ್ನು ಹೊಲದಲ್ಲಿ ಬೆಳೆಯುವವರೂ ಅದನ್ನು ಮನಸ್ಸಿಗೆ ಬಂದಷ್ಟು ತಿನ್ನಬಾರದು. ಥೈರಾಯಿಡ್ ಅಥವಾ ಪಿತ್ತಜನಕಾಂಗದ ತೊಂದರೆ ಇರುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಅದನ್ನು ಮುಟ್ಟಲೇಬಾರದು.

ತಡಮಾಡಬಾರದ ಸಂದರ್ಭಗಳು

ಎದೆನೋವು ಎಡತೋಳಿಗೋ ದವಡೆಗೋ ಹರಡಿ ಬೆವರು ಬಂದರೆ ಆತಂಕವೆಂದು ಭಾವಿಸಿ ಕೂಡಬೇಡಿ, ಅದು ಹೃದಯಾಘಾತವಾಗಿರಬಹುದು. ಔಷಧಿ ಸಿಂಪಡಿಸಿದ ದಿನ ಬೆವರು, ಬಾಯಲ್ಲಿ ಜೊಲ್ಲು, ಕಣ್ಣು ಮಂಜು, ವಾಂತಿ ಕಂಡರೆ ಅದು ವಿಷಬಾಧೆಯಾಗಿರಬಹುದು. ಔಷಧಿಯ ಡಬ್ಬಿಯ ಸಮೇತ ಆಸ್ಪತ್ರೆಗೆ ಧಾವಿಸಿ.

ಇನ್ನೊಂದು ಮಾತನ್ನು ಮನೆಯವರು ಮುಖ್ಯವಾಗಿ ಗಮನಿಸಬೇಕು. 'ನಾನಿಲ್ಲದಿದ್ದರೆ ನಿಮಗೆಲ್ಲ ಸುಖ' ಎಂಬಂಥ ಮಾತು ಬಾಯಿಂದ ಬಂದರೆ ಅದನ್ನು ಗದರಿ ಸುಮ್ಮನಾಗಿಸಬೇಡಿ. 'ಸಾಯುವ ಯೋಚನೆ ಬರುತ್ತಿದೆಯೇ?' ಎಂದು ನೇರವಾಗಿ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ; ಎದೆಯ ಭಾರ ಇಳಿಯಲು ದಾರಿಯಾಗುತ್ತದೆ. ಅವರನ್ನು ಒಂಟಿಯಾಗಿ ಬಿಡದೆ ಅಂದೇ ವೈದ್ಯರ ಬಳಿ ಕರೆದೊಯ್ಯಿರಿ. ಕೀಟನಾಶಕವನ್ನು ಎಂದಿಗೂ ಮಲಗುವ ಕೋಣೆಯಲ್ಲಾಗಲಿ ಅಡುಗೆಮನೆಯಲ್ಲಾಗಲಿ ಇಡಬೇಡಿ. ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಬೀಗದ ಕೈ ಬೇರೆಯವರ ಬಳಿ ಇರಲಿ. ಸಾಯಬೇಕೆನ್ನುವ ಆವೇಗ ಎಷ್ಟೋ ವೇಳೆ ಸ್ವಲ್ಪ ಹೊತ್ತಿನದು. ಆ ಹೊತ್ತಿನಲ್ಲಿ ವಿಷ ಕೈಗೆ ಸಿಗದಿದ್ದರೆ ಒಂದು ಜೀವ ಉಳಿಯಬಹುದು.

2022ರ ಅಕ್ಟೋಬರಿನಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ಸೇವೆಗೆ 14416 ಸಂಖ್ಯೆಯಲ್ಲಿ ಹಗಲಿರುಳೂ ಉಚಿತವಾಗಿ ಫೋನು ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಈ ಸಂಖ್ಯೆಯನ್ನು ಮನೆಯ ಗೋಡೆಯ ಪಂಚಾಂಗದ ಮೇಲೆ ಬರೆದಿಡಿ.

ರೈತ ಬಾಂಧವರೇ, ಮೇಲಿನ ಕ್ರಮಗಳನ್ನೆಲ್ಲ ಒಂದೇ ದಿನ ಕೈಗೊಳ್ಳುವುದು ಸಾಧ್ಯವಿಲ್ಲ. ಈ ವಾರ ಉಸಿರಾಟದ ಅಭ್ಯಾಸ ಮತ್ತು ಚಿಂತೆಯ ಲೆಕ್ಕ, ಮುಂದಿನ ವಾರ ಮಧ್ಯಾಹ್ನದ ನಂತರದ ಕಾಫಿಗೆ ವಿರಾಮ, ಅದರ ಮುಂದಿನ ವಾರ ನಡಿಗೆ ಎಂದು ಒಂದೊಂದಾಗಿ ಸೇರಿಸಿಕೊಳ್ಳಿ. ಇವುಗಳಿಂದ ಮಳೆ ಬರುವುದಿಲ್ಲ, ಸಾಲ ತೀರುವುದಿಲ್ಲ. ಆದರೆ ಮಳೆ ಬಂದಾಗ ಬಿತ್ತಲು, ಸಾಲದ ಬಗ್ಗೆ ಕುಳಿತು ಮಾತನಾಡಲು ಬೇಕಾದ ಮೈ ಮನಸ್ಸುಗಳು ನಿಮ್ಮ ಕೈಯಲ್ಲಿ ಉಳಿಯುತ್ತವೆ. ಹೊಲಕ್ಕೆ ಬೇಕಾದ ಮೊದಲ ಬಂಡವಾಳ ಅದೇ.